ಅತ್ತೆಯ ಅಟ್ಟ, ತಿರುಗುವ ಊರು

ಮೊನ್ನೆ ತಿಪಟೂರಿನ ಚಿತ್ರಮಂದಿರದಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದೆ. ಅದರಲ್ಲೊಂದು ವಿಚಿತ್ರ ನಗರ. ಬೀದಿಗಳು ಮಗ್ಗುಲು ಬದಲಿಸುತ್ತವೆ, ಮಲಗಿದ್ದ ಸೇತುವೆ ಎದ್ದು ಗೋಪುರವಾಗುತ್ತದೆ. ಜನ ಶಿಳ್ಳೆ ಹಾಕಿದರು. ಇಂಥ ಊರುಗಳೆಂದರೆ ನನಗೂ ಪ್ರಾಣ. ಒಂದು ಕಾಲಕ್ಕೆ ನಾನೇ ಒಂದನ್ನು ಕಟ್ಟಲು ಹೊರಟಿದ್ದೆ. ಆದರೂ ಶಿಳ್ಳೆ ಬರಲಿಲ್ಲ. ಕಾರಣ ನಮ್ಮ ಸೋದರತ್ತೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಮೊದಲು ಅಟ್ಟದ ವಿಷಯ ಹೇಳಬೇಕು. ಕೊಬ್ಬರಿ ಮಾಡುವುದೆಂದರೆ ನಮ್ಮಲ್ಲಿ ಮುಖ್ಯವಾಗಿ ಸುಮ್ಮನಿರುವುದು. ಕಾಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ, ನೀರು ಇಂಗಿ ತಿರುಳು ಉಂಡೆಯಾಗುತ್ತದೆ. ಅವಸರಪಟ್ಟು ಒಡೆದರೆ ಕೆಟ್ಟಿತು. ತುರುವೇಕೆರೆ ಕಡೆಯ ಅತ್ತೆಯ ಅಟ್ಟದಲ್ಲಿ ಕಿಟಕಿ ಪಕ್ಕ ಕಾರ್ತೀಕದಲ್ಲಿ ಹಾಕಿದ, ಒಣಗಿದ ರಾಶಿ, ಗೋಡೆ ಪಕ್ಕ ಇನ್ನೂ ನೀರು ಇಂಗದ ಶಿವರಾತ್ರಿಯದು, ನಡುವೆ ಓಡಾಡಲು ದಾರಿ. ಯಾವುದನ್ನು ಇಳಿಸಬೇಕೆಂದು ಅವಳು ಏಣಿಯ ಕೆಳಗೆ ನಿಂತೇ ಹೇಳುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಇಡೀ ತೋಟ ಅವಳ ಮಾತಿನ ಮೇಲೆ ನಡೆಯುತ್ತಿತ್ತು.

ಆಗಷ್ಟೇ ಮೇಷ್ಟ್ರಾಗಿದ್ದ ನಾನು ದಸರಾ ರಜೆಯಲ್ಲಿ ಅಲ್ಲಿಗೆ ಹೋದೆ, ದಿನಕ್ಕೊಮ್ಮೆ ಬೀದಿ ಬದಲಿಸುವ ನಗರದ ಕಾದಂಬರಿ ಬರೆಯಲು. ಮಹಾ ಲೇಖಕನಿಗೆ ಬೆಳಕು ಬೇಡವೇ? ಕಿಟಕಿಯ ರಾಶಿಯನ್ನು ಅತ್ತ ತಳ್ಳಿ ಚಾಪೆ ಹಾಸಿದೆ. ಮೂರು ದಿನದ ಮೇಲೆ ಬಿಸಿಲು ಹೆಚ್ಚೆನಿಸಿ, ಕೈಗೆ ಸಿಕ್ಕ ಕಾಯಿಗಳನ್ನು ಮತ್ತೆ ಕಿಟಕಿಯ ಕಡೆ ಒಟ್ಟಿದೆ; ಒಂದಷ್ಟು ನಡುವಿನ ದಾರಿಗೂ ಹರಡಿತು. ಯಾವ ಕಾಯಿಯಾದರೇನು ಎಂದುಕೊಂಡೆ. ಈ ಸೀಮೆಯಲ್ಲಿ ಹುಟ್ಟಿ ಹಾಗೆಂದುಕೊಂಡವನು ನಾನೊಬ್ಬನೇ ಇರಬೇಕು.

ಕಾಯಿ ಸುಲಿಯುವ ಸಿದ್ದಣ್ಣ ಬಂದ. ಅತ್ತೆ ಹೇಳಿದ ಕಡೆಯಿಂದಲೇ ಇಳಿಸಿದ.

"ಭಾರ ಅವೆ ಕಣವ್ವ."

"ಕಿಟಕಿ ಮಗ್ಗುಲಾಗಿರೋದು ಕಾರ್ತೀಕದ್ದು ಕಣ್ಲಾ. ನಂಗೇ ಹೇಳ್ಕೊಡ್ತೀಯ? ಒಡಿ."

ಒಡೆದ. ನೀರು ಅತ್ತೆಯ ಸೀರೆಗೆ ಚಿಮ್ಮಿತು. ಅವಳು ಏಣಿ ಹತ್ತಿದಳು, ಹಿಂದೆಯೇ ನಾನು. ದಾರಿಯಿದ್ದ ಕಡೆ ಸಲೀಸಾಗಿ ಎರಡು ಹೆಜ್ಜೆ ಹಾಕಿ, ನಾನು ಒಟ್ಟಿದ್ದ ರಾಶಿಗೆ ಎಡವಿ ಕೂತುಬಿಟ್ಟಳು. ಹಗಲು ಹನ್ನೊಂದು ಗಂಟೆ. ಬಿಸಿಲು ಅವಳ ಮುಖದ ಮೇಲೇ ಇತ್ತು.

"ಅತ್ತೆ, ಕಾಣಲ್ವಾ ನಿಂಗೆ?"

"ಎರಡು ವರ್ಸ ಆಯ್ತು ಕಣಪ್ಪ. ಯಾರ್ಗೂ ಗೊತ್ತಿಲ್ಲ. ಗೊತ್ತಾದ್ರೆ ಮೂಲೇಲಿ ಕೂರುಸ್ತಾರೆ."

ನಾಚಿಕೆಯಿಂದ ಕುಗ್ಗಿಹೋದೆ. ಕೆಳಗಿನಿಂದ ಸಿದ್ದಣ್ಣ ಏನಾಯಿತೆಂದು ಕೂಗುತ್ತಿದ್ದ. "ತಪ್ಪು ನಂದು ಕಣಣ್ಣ, ರಾಶಿ ಕಲೆಸಿಬಿಟ್ಟಿದ್ದೆ. ನಾಳಿದ್ದು ಬಾ" ಎಂದೆ. ಅತ್ತೆ ನನ್ನ ಮೊಣಕೈ ಹಿಡಿದು ಎದ್ದಳು.

ಎರಡು ದಿನ ಅವಳು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ನೀರು ಕುಲುಕಿದರೆ ಗೋಡೆಗೆ, ಉಂಡೆ ಗಡಗಡ ಎಂದರೆ ಕಿಟಕಿಗೆ. ಹೊತ್ತು ಜೋಡಿಸುವ ಕೂಲಿ ನನ್ನದು. ನಡುವೆ ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ನನ್ನ ನಗರವನ್ನು ಉತ್ಸಾಹದಿಂದಲೇ ಬಣ್ಣಿಸಿದೆ.

"ತಿರುಗ್ಲಿ ಬುಡು. ಅಲ್ಲಿ ಮುದುಕ್ರು ಇಲ್ವೇನ್ಲಾ?"

ಇರಲಿಲ್ಲ. ವಿಜ್ಞಾನಿಗಳಿದ್ದರು, ಬಂಡಾಯಗಾರರಿದ್ದರು, ಒಬ್ಬ ರಾಣಿಯೂ ಇದ್ದಳು. ಕಾದಂಬರಿ ಅಲ್ಲಿಗೇ ನಿಂತಿತು. ಅತ್ತೆ ಮಾತ್ರ ಕೊನೆಯವರೆಗೂ ಏಣಿಯ ಕೆಳಗೆ ನಿಂತೇ ತೋಟ ಆಳಿದಳು. ಅವಳು ಹೋಗಿ ವರ್ಷಗಳಾದವು; ಗುಟ್ಟು ಬಿಟ್ಟುಕೊಡುತ್ತಿರುವುದು ಇವತ್ತೇ.

ಸಿನಿಮಾದಿಂದ ಬಂದವನು ಮತ್ತೆ ಬರೆಯಲು ಕೂತಿದ್ದೇನೆ. ಈ ಸಲ ಮುಗಿಸುತ್ತೇನೆ. ನನ್ನ ಊರಿನಲ್ಲಿ ಅರಮನೆ ತಿರುಗುತ್ತದೆ, ಸಂತೆ ತಿರುಗುತ್ತದೆ, ರೈಲ್ವೆ ಸ್ಟೇಷನ್ನೂ ತಿರುಗುತ್ತದೆ. ಒಂದು ಓಣಿ ಮಾತ್ರ ಅಲ್ಲಾಡುವುದಿಲ್ಲ. ಅದೇಕೆಂದು ಕತೆಯಲ್ಲಿ ಎಲ್ಲೂ ಹೇಳುವುದಿಲ್ಲ. ಅಲ್ಲಿ ಒಬ್ಬಳು ಕೈ ಚಾಚುತ್ತಾಳೆ, ಬಾಗಿಲು ಸಿಗುತ್ತದೆ.