ನನ್ನ ಪಾಲಿನ ಹತ್ತೊಂಬತ್ತನೆಯ ಪುಸ್ತಕ

ಮದುವೆಯಾಗಿ ಸಿದ್ದಾಪುರಕ್ಕೆ ಬಂದಾಗ ನಾನು ನಾಲ್ಕನೆಯ ಇಯತ್ತೆ ಓದಿದವಳು. ನನ್ನವರು ಅಲ್ಲಿಯ ಕನ್ನಡ ಶಾಲೆಯ ಮಾಸ್ತರರು. ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಶಾಲೆಯ ಕಪಾಟಿನಿಂದ, ವಾಚನಾಲಯದಿಂದ, ಪರಿಚಯದ ವಕೀಲರ ಮನೆಯಿಂದ ಅವರು ಪುಸ್ತಕ ತರುತ್ತಿದ್ದರು. ಅವರು ಶಾಲೆಗೆ ಹೋದ ಮೇಲೆ ನಾನೂ ಅವನ್ನೇ ಓದುತ್ತಿದ್ದೆ. ಒಂದು ಯುಗಾದಿಯ ದಿನ ಅವರು ಒಂದು ವಹಿ ತಂದು ಪುಟದ ನಡುವೆ ಗೀಟು ಎಳೆದರು. ಎಡಕ್ಕೆ ಅವರು ಓದಿ ಮುಗಿಸಿದ ಪುಸ್ತಕದ ಹೆಸರು, ಬಲಕ್ಕೆ ನಾನು ಮುಗಿಸಿದ್ದು. ದೀಪಾವಳಿಯೊಳಗೆ ಯಾರದು ಹೆಚ್ಚಾಗುತ್ತದೋ ಅವರು ಗೆದ್ದಂತೆ. ಗೆದ್ದವರಿಗೆ ಸಿಗುವುದೇನೂ ಇರಲಿಲ್ಲ, ಗೆದ್ದೆ ಎಂದು ಹೇಳಿಕೊಳ್ಳುವುದನ್ನು ಬಿಟ್ಟರೆ. ಅಷ್ಟು ಸಾಕಿತ್ತು ನನಗೆ.

ನವರಾತ್ರಿ ಮುಗಿಯುವಾಗ ಅವರದು ಹತ್ತೊಂಬತ್ತು, ನನ್ನದು ಹದಿನೆಂಟು. ಮನೆಯಲ್ಲಿ ನಾನು ಓದದ ಪುಸ್ತಕ ಒಂದೂ ಉಳಿದಿರಲಿಲ್ಲ.

ಆ ವರ್ಷ ತಾಲೂಕಿನ ಹಳ್ಳಿಗಳಲ್ಲಿ ಜನ ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಕೂತಿದ್ದರು. ಮನೆಗಳ ಜಪ್ತಿಯಾಗುತ್ತಿತ್ತು, ಜೈಲಿಗೆ ಹೋದವರ ಸುದ್ದಿ ದಿನಾ ಬರುತ್ತಿತ್ತು. ಸರ್ಕಾರದ ಸಂಬಳ ತಿನ್ನುವ ಮಾಸ್ತರರು ಇದರ ಗಾಳಿಗೂ ಹೋಗುವಂತಿರಲಿಲ್ಲ. ಹೀಗಿರುವಾಗ ನಿಲ್ಕುಂದದ ಕಡೆಯ ಒಬ್ಬರು, ನನ್ನವರ ಹಳೆಯ ಸಹಪಾಠಿ, ಒಂದು ಬಟ್ಟೆಯ ಗಂಟು ತಂದುಕೊಟ್ಟು ಚಹಾ ಸಹ ಕುಡಿಯದೆ ಹೋದರು. ನನ್ನವರು ಅದನ್ನು ಟ್ರಂಕಿನ ತಳಕ್ಕಿಟ್ಟು ಮೇಲೆ ಪಂಚೆ ಹೊದಿಸಿದರು. ಏನೆಂದು ಕೇಳಿದರೆ, "ಶಾಲೆಯದ್ದು. ಮುಟ್ಟಡ," ಎಂದರು.

ಅವರು ಶಾಲೆಗೆ ಹೋದ ಮೇಲೆ ಗಂಟು ಬಿಚ್ಚಿದೆ. ಒಂದೇ ಪುಸ್ತಕದ ಹತ್ತಾರು ಪ್ರತಿಗಳು, ತೆಳ್ಳಗಿನವು. ಅಚ್ಚು ಹಾಕಿದವರ ಹೆಸರು ಎಲ್ಲಿಯೂ ಇರಲಿಲ್ಲ. ಅನ್ನ ಬೇಯುವ ಹೊತ್ತಿಗೆ ಅರ್ಧ, ಊಟದ ಮೇಲೆ ಇನ್ನರ್ಧ ಓದಿದೆ. ಕಂದಾಯ ಕೊಡದ ಒಂದು ಊರಿನ ಕಥೆ ಅದು. ಜಪ್ತಿಗೆ ಬಂದವರು ಕೊಟ್ಟಿಗೆಯಿಂದ ಎಮ್ಮೆ ಹೊಡೆದುಕೊಂಡು ಹೋಗುವಾಗ ಮನೆಯಾಕೆ ಕರುವನ್ನು ತಬ್ಬಿಕೊಂಡು ನಿಲ್ಲುವ ಕಡೆ ನನಗೆ ಅಳು ಬಂತು. ಪ್ರತಿಯನ್ನು ಇದ್ದಲ್ಲಿಯೇ ಇಟ್ಟೆ. ಆಮೇಲೆ ವಹಿ ತೆಗೆದು, ಬಲಗಡೆ, ಶಾಯಿಯಲ್ಲಿ ಅದರ ಹೆಸರು ಬರೆದೆ. ಹತ್ತೊಂಬತ್ತು. ಸರಿಸಮ!

ಸಂಜೆ ಶಾಲೆಯಿಂದ ಬಂದವರು ವಹಿ ನೋಡಿ ನಿಂತಲ್ಲೇ ನಿಂತರು.

"ಇದು ಎಲ್ಲಿ ಸಿಕ್ಚು?"

"ನಿಂಗಳ ಟ್ರಂಕಿನಲ್ಲಿ."

"ಓದಿದ್ದು ಇರ್ಲಿ. ಬರೆದದ್ದು ಎಂತಕ್ಕೆ?"

"ಬರೆಯದಿದ್ರೆ ಲೆಕ್ಕಕ್ಕೆ ಬತ್ತಿಲ್ಲೆ ಹೇಳಿ ನಿಂಗಳೇ ಹೇಳಿದ್ದು."

"ಸರ್ಕಾರ ಬಂದ್ ಮಾಡಿದ ಪುಸ್ತಕ ಅದು. ಆ ಹಾಳೆ ಹರಿ."

ಅವರು ಹೋಗಿ ಬಾಗಿಲು ಹಾಕಿ ಬಂದರು. ನನಗೂ ಒಳಗೆ ಹೆದರಿಕೆಯಾಯಿತು. ಆದರೆ ಹೆದರಿಕೆಗಿಂತ ಸಿಟ್ಟು ಮೇಲಾಗಿತ್ತು. "ಹರಿತ್ನಿಲ್ಲೆ," ಎಂದೆ. "ಇಂಥಾದ್ದು ಮನೆಗೆ ತಂದಿಟ್ಟು, ಎಂಗೆ ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು?"

"ನಿಂಗೆ ಗೊತ್ತಿಲ್ಲದೇ ಇದ್ರೇ ಚೊಲೊ ಹೇಳಿ."

ಆ ಮಾತು ನನ್ನನ್ನು ಇನ್ನಷ್ಟು ಕೆರಳಿಸಿತು. ಆ ಹಾಳೆ ಹರಿದರೆ ನನ್ನ ಉಳಿದ ಹದಿನೆಂಟೂ ಹೋಗುತ್ತವೆ ಎಂದೆ. ಹಾಗಾದರೆ ಆ ಒಂದು ಸಾಲಿಗೆ ಕಾಟು ಹಾಕು ಎಂದರು. ನಾಳೆ ನೋಡುವಾ ಎಂದೆ. ಅವರೇ ಹರಿಯಬಹುದಿತ್ತು; ಹಾಳೆಯ ಅಂಚನ್ನು ಹಿಡಿದೂ ಹಿಡಿದರು. ಆದರೆ ಬಿಟ್ಟು ಹೊರಗೆ ಹೋದರು. ನಾನು ಬರೆದದ್ದನ್ನು ನನ್ನ ಕೈಯಿಂದ ಕಸಿದು ಹರಿಯುವ ಮನುಷ್ಯ ಅವರಲ್ಲ.

ಮೂರು ದಿನ ನಮ್ಮ ನಡುವೆ ಊಟ, ನೀರು ಇಷ್ಟೇ ಮಾತು. ಬುಧವಾರ ನಿಲ್ಕುಂದದವರು ಬಂದು ಗಂಟನ್ನು ಬಾಳೆಲೆಯ ಹೊರೆಯೊಳಗಿಟ್ಟು ಒಯ್ದರು. ಮನೆ ಹಗುರಾಯಿತು. ವಹಿಯ ಸಾಲಿಗೆ ಇನ್ನು ಯಾಕೆ ಕಾಟು ಎಂದು ನಾನು ಸುಮ್ಮನಾದೆ. ಅವರೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಶಾಲೆಗೆ ಹೊರಡಲು ರುಮಾಲು ಸುತ್ತುತ್ತಿದ್ದರು. ಫೌಜದಾರರು ಇಬ್ಬರು ಪೊಲೀಸರೊಂದಿಗೆ ಅಂಗಳಕ್ಕೆ ಬಂದರು. ಓಣಿಯ ಇಬ್ಬರನ್ನು ಪಂಚರೆಂದು ಬಾಗಿಲಲ್ಲಿ ನಿಲ್ಲಿಸಿದರು. ಟ್ರಂಕು ಬೋರಲು ಬಿತ್ತು. ಅಕ್ಕಿ ಡಬ್ಬಿಯೊಳಗೆ ಕೈ ಹೋಯಿತು. ಹಾಸಿಗೆ ಬಿಚ್ಚಿದರು, ಉಪ್ಪಿನಕಾಯಿ ಭರಣಿಯ ಬಟ್ಟೆ ಬಿಚ್ಚಿದರು. ಏನೂ ಸಿಗಲಿಲ್ಲ. ಹೊರಡುವ ಹೊತ್ತಿಗೆ ಒಬ್ಬ ಪೊಲೀಸ ಕಿಟಕಿಯ ಮೇಲಿದ್ದ ವಹಿಯನ್ನು ಎತ್ತಿಕೊಟ್ಟ.

"ಏನ್ರಿ ಮಾಸ್ತರ, ಇದೇನು ಯಾದಿ?" ಫೌಜದಾರರು ಧಾರವಾಡದ ಕಡೆಯವರು.

"ಓದಿದ ಪುಸ್ತಕಗಳು. ನಾನು, ನನ್ನ ಹೆಂಡತಿ ಯಾರು ಹೆಚ್ಚು ಓದ್ತೇವೆ ಅಂತ ಪಂಥ."

"ಮನಿಯಾಗಿನವ್ರೂ ಓದ್ತಾರ? ಛಲೋ ಆತು," ಎಂದು ನಕ್ಕರು. ಬೆರಳು ಹೆಸರುಗಳ ಮೇಲೆ ಕೆಳಕೆಳಗೆ ಇಳಿಯಿತು. ನಾನು ಅಡಿಗೆ ಮನೆಯ ಬಾಗಿಲಿನಿಂದ ಆ ಬೆರಳನ್ನೇ ನೋಡುತ್ತಿದ್ದೆ. ಅದು ಬಲಗಡೆಯ ಕೊನೆಯ ಸಾಲಿನಲ್ಲಿ ನಿಂತಿತು. ನಗು ಹೋಯಿತು.

"ಈ ಬಲಗಡಿದು ಯಾರದು?"

"ನಂದು," ಎಂದರು ನನ್ನವರು, ನಾನು ಬಾಯಿ ತೆರೆಯುವ ಮೊದಲೇ.

ನಾನು ಹೊರಗೆ ಬಂದೆ. "ಅಲ್ಲ. ಬಲಗಡೆಯದು ನಂದು. ಆ ಪುಸ್ತಕ ಓದಿದ್ದು ನಾನು."

ಫೌಜದಾರರು ನನ್ನತ್ತ ತಿರುಗಲೂ ಇಲ್ಲ. "ತಂಗೀ, ಗಂಡನ್ನ ಉಳಸಾಕ ಸುಳ್ಳು ಹೇಳಬ್ಯಾಡ. ಒಳಗ ನಡಿ."

ಅಕ್ಷರ ನೋಡಿಯಾದರೂ ತಿಳಿಯಬಹುದಿತ್ತು ಎನ್ನುವಂತೆಯೂ ಇರಲಿಲ್ಲ. ನನ್ನ ಅಕ್ಷರ ತಿದ್ದಿದವರು ನನ್ನವರೇ. ಇಬ್ಬರದೂ ಒಂದೇ ಮಾಟ. ಅವರನ್ನು ಸಿರ್ಸಿಗೆ ಹೋಗುವ ಮೋಟಾರಿನಲ್ಲಿ ಕೂರಿಸಿಕೊಂಡು ಹೋದರು. ವಹಿಯನ್ನೂ ಒಯ್ದರು.

ಓಣಿಯವರು ನಮ್ಮ ಮನೆ ಕಡೆ ನೋಡುವುದನ್ನು ಬಿಟ್ಟರು. ಬಾವಿಕಟ್ಟೆಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸಿರ್ಸಿ ಮೋಟಾರಿನ ಡ್ರೈವರ್ ಸಾಬರು ಮಾತ್ರ ದಿನ ಬಿಟ್ಟು ದಿನ ಅಂಗಳದಲ್ಲಿ ನಿಂತು, "ಅಮ್ಮಾ, ಮಾಸ್ತರು ಚೆನ್ನಾಗಿದ್ದಾರಂತೆ, ಫಿಕೀರ್ ಮಾಡಬೇಡಿ," ಎಂದು ಹೇಳಿ ಹೋಗುತ್ತಿದ್ದರು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ, ಏನೂ ಒಳಗೆ ಇಳಿಯುತ್ತಿರಲಿಲ್ಲ. ಒಂದು ಸಾಲಿಗೆ ಕಾಟು ಹಾಕುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಅದೊಂದೇ ಯೋಚನೆ.

ಆರನೆಯ ದಿನ ಅದೇ ಮೋಟಾರಿನಲ್ಲಿ ಸಿರ್ಸಿಗೆ ಹೋದೆ. ಹೆಂಗಸು ಒಬ್ಬಳೇ ಕಚೇರಿಗೆ ಹೋಗುವ ಕಾಲವಲ್ಲ ಅದು. ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಕಾರಕೂನರು, "ಏನಿದ್ರೂ ಅರ್ಜಿ ಬರ್ಸಿಕೊಂಡು ಬನ್ನಿ," ಎಂದರು. "ಕಾಗದ ಕೊಡಿ, ನಾನೇ ಬರಿತೇನೆ," ಎಂದೆ. ಆ ಪುಸ್ತಕ ಓದಿದವಳು ನಾನು, ಬರೆದವಳು ನಾನು, ನನ್ನ ಗಂಡನಿಗೆ ಅದರಲ್ಲೇನಿದೆಯೆಂದೇ ಗೊತ್ತಿಲ್ಲ ಎಂದು ಬರೆದು ಸಹಿ ಹಾಕಿದೆ. ಕಾರಕೂನರು ಓದಿದರು, ಮಡಚಿದರು, ಮೇಜಿನ ಖಾನೆಗೆ ಹಾಕಿದರು. ಅದು ಅಲ್ಲಿಂದ ಮುಂದೆ ಹೋಯಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಸಾಹೇಬರನ್ನು ಕಾಣಲು ಬಿಡಲಿಲ್ಲ, ನನ್ನವರನ್ನೂ ಕಾಣಲು ಬಿಡಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅವರೇ ನಡೆದು ಬಂದರು. ಗಡ್ಡ ಬೆಳೆದಿತ್ತು. ಸ್ನಾನ ಮಾಡಿ, ಉಂಡು, ಆಮೇಲೆ ಹೇಳಿದರು. ದಿನಾ ಕೇಳುತ್ತಿದ್ದರಂತೆ: ಪುಸ್ತಕ ಯಾರು ಕೊಟ್ಟರು, ಅದರಲ್ಲಿ ಏನಿದೆ? ಕೊಟ್ಟವರ ಹೆಸರು ಇವರು ಹೇಳಲಿಲ್ಲ. ಏನಿದೆಯೆಂದು ಹೇಳಲು ಇವರಿಗೆ ಗೊತ್ತೇ ಇರಲಿಲ್ಲ, ಒಂದು ಪುಟವನ್ನೂ ಓದಿರಲಿಲ್ಲ. ಕೊನೆಗೆ ದೊಡ್ಡ ಸಾಹೇಬರು, ಹೆಂಡತಿಯ ಮುಂದೆ ಸೋಲಬಾರದೆಂದು ಎಲ್ಲೋ ಕೇಳಿದ ಹೆಸರು ಬರೆದುಕೊಂಡೆಯಾ ಎಂದು ಕೇಳಿ ನಕ್ಕರಂತೆ.

"ನಿಂಗ ಎಂತ ಹೇಳಿದ್ರಿ?"

"ಹೌದು ಹೇಳಿ ಒಪ್ಪಿಕೊಂಡೆ. ಬಿಟ್ಟುಬಿಟ್ಟ."

ನನಗೆ ನಗು ಬರಲಿಲ್ಲ. ಅವರೂ ನಗಲಿಲ್ಲ. ಆಮೇಲೆ, "ಅದ್ರಲ್ಲಿ ಎಂತ ಇತ್ತೇ?" ಎಂದು ಕೇಳಿದರು. ಎಮ್ಮೆಯ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ, ಎಮ್ಮೆಗಾಗಿ ಅಲ್ಲ.

ಕೆಲಸ ಹೋಗಲಿಲ್ಲ. ಯಲ್ಲಾಪುರದ ಕಡೆಯ ಏಕೋಪಾಧ್ಯಾಯ ಶಾಲೆಗೆ ವರ್ಗವಾಯಿತು, ಚಳಿಜ್ವರದ ಊರು. ಆದರೆ ಸುದ್ದಿ ನಮಗಿಂತ ಮೊದಲೇ ಎಲ್ಲ ಕಡೆ ಹೋಗಿತ್ತು: ಓದದ ಪುಸ್ತಕದ ಹೆಸರು ಬರೆದು ಹೆಂಡತಿಗೆ ಮೋಸ ಮಾಡಿದ ಮಾಸ್ತರ. ಮನೆಯ ಲೆಕ್ಕದಲ್ಲಿ ಒಂದು ಹೆಸರನ್ನೂ ಸುಳ್ಳು ಬರೆಯದ ಮನುಷ್ಯನಿಗೆ ಈ ಹೆಸರು. ನಾನು ಎಲ್ಲರಿಗೂ ನಿಜ ಹೇಳುತ್ತೇನೆ ಎಂದರೆ, "ಬೇಡ. ನಿಲ್ಕುಂದದವ ಇನ್ನೂ ಜೈಲಿನ ಹೊರಗಿದ್ದ. ಪುಸ್ತಕ ಎಲ್ಲಿಂದ ಬಂತು ಹೇಳಿ ಮತ್ತೆ ಹುಡುಕ್ತ," ಎಂದರು.

ಐದಾರು ವರ್ಷ ಕಳೆದು, ಆ ಭಯವೆಲ್ಲ ಇಳಿದ ಮೇಲೆ, ಹುಲೇಕಲ್ಲಿನ ಒಂದು ಮದುವೆಯಲ್ಲಿ ಪಂಕ್ತಿಯ ನಡುವೆ ಯಾರೋ ಆ ಮಾತೆತ್ತಿ ನಕ್ಕರು. ನಾನು ಬಡಿಸುವುದನ್ನು ನಿಲ್ಲಿಸಿ ಗಟ್ಟಿಯಾಗಿ ಹೇಳಿದೆ: "ಅವು ಮೋಸ ಮಾಡಿದ್ವಿಲ್ಲೆ. ಆ ಪುಸ್ತಕ ಓದಿದ್ದೂ ಆನು, ಬರೆದದ್ದೂ ಆನು." ಪಂಕ್ತಿ ಮೊದಲಿಗಿಂತ ಜೋರಾಗಿ ನಕ್ಕಿತು. ಗಂಡನ ಮಾನ ಕಾಯುವ ಹೆಂಡತಿ ಎಂದು ಒಬ್ಬರು ಹೊಗಳಿದರು. ನಾನು ಪಂಕ್ತಿಯಲ್ಲಿ ಕೂತಿದ್ದ ನನ್ನವರ ಮುಖ ನೋಡಿದೆ. ಅವರು ತಲೆ ತಗ್ಗಿಸಿ, ನಗು ತಡೆಯಲಾರದೆ, ಮಜ್ಜಿಗೆಗೆ ಕೈಯೊಡ್ಡಿದ್ದರು.