ಮೋರಿಕಟ್ಟೆಯವನ ‘ಬತ್ತೆ’

ಕುಮಟೆಯಲ್ಲಿ ಕಾಲೇಜು ತೆರೆದ ಹೊಸತು. ಕಾಲೇಜು ಎಂದರೆ ಈಗಿನವರು ಕಲ್ಪಿಸಿಕೊಳ್ಳುವಂಥದ್ದೇನಲ್ಲ. ಗುಡ್ಡದ ಬುಡದಲ್ಲಿ ಬಾಡಿಗೆಗೆ ಹಿಡಿದ ಉದ್ದನೆಯ ಹಂಚಿನ ಕಟ್ಟಡ, ಅದರ ಹಿಂದೆ ನಮ್ಮ ಬೋರ್ಡಿಂಗು, ಎದುರಿಗೆ ಒಂದು ಕಬ್ಬಿಣದ ಗೇಟು. ಸುತ್ತ ಪಾಗಾರದ ಗೋಡೆ ಇರಲಿಲ್ಲ, ಗೇಟು ಮಾತ್ರ ಇತ್ತು. ಜವಾನ ಸಂಜೆ ಅದಕ್ಕೆ ಬೀಗ ಜಡಿದು, ಎರಡು ಸಲ ಎಳೆದು ನೋಡಿ, ಗೇಟಿನ ಪಕ್ಕದಿಂದ ನಡೆದುಕೊಂಡು ಮನೆಗೆ ಹೋಗುತ್ತಿದ್ದ. ನಮ್ಮೆಲ್ಲರ ರಕ್ಷಣೆ ಆ ಬೀಗದ ಮೇಲೆ ನಿಂತಿತ್ತು.

ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುತ್ತಿದ್ದೆವು. ನಾನು ಹೊನ್ನಾವರ. ನನ್ನ ಕೋಣೆಯವನು ಭಟ್ಕಳ. ಅವನ ಮಾತು ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಲೆಕ್ಚರರು ಪ್ರಶ್ನೆ ಕೇಳಿದರೆ ಯಾವುದೂ ಇಲ್ಲ. ನನಗಿದ್ದ ವಿದ್ಯೆ ಒಂದೇ, ಅಣಕ. ಪ್ರಿನ್ಸಿಪಾಲರು ‘ವಿದ್ಯಾರ್ಥಿಗಳೇ’ ಎಂದು ಶುರುಮಾಡಿ ಮುಂದಿನ ಶಬ್ದ ಹುಡುಕುವಷ್ಟರಲ್ಲಿ ಒಬ್ಬನಿಗೆ ನಿದ್ದೆ ಹತ್ತಿ ಎಚ್ಚರವೂ ಆಗುತ್ತಿತ್ತು. ಅದನ್ನು ಮಾಡಿ ತೋರಿಸುತ್ತಿದ್ದೆ. ಕೋಲ್‌ಗ್ಯಾಸ್ ಬಸ್ಸು ಏರು ಹತ್ತಲಾರದೆ ಕೆಮ್ಮುವುದನ್ನು ಮಾಡುತ್ತಿದ್ದೆ. ಯಾರೂ ಸಿಗದಿದ್ದರೆ ಪರೀಕ್ಷೆಯ ಹಾಲಿನಲ್ಲಿ ಬೆವರುವ ನನ್ನನ್ನೇ ಮಾಡುತ್ತಿದ್ದೆ. ಅದಕ್ಕೆ ಹೆಚ್ಚು ಅಭ್ಯಾಸ ಬೇಕಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಬೋರ್ಡಿಂಗಿನಲ್ಲಿ ಒಂದೊಂದೇ ಕೇಡು ಸುರುವಾಯಿತು. ಮೊದಲು ಹಗ್ಗದ ಮೇಲಿನ ಬಟ್ಟೆ ಹೋಯಿತು. ಆಮೇಲೆ, ನಾವೆಲ್ಲ ಕ್ಲಾಸಿನಲ್ಲಿದ್ದಾಗ, ಒಬ್ಬನ ಟ್ರಂಕಿನ ಚಿಲಕ ಯಾರೋ ಮುರಿದಿದ್ದರು. ಅಲ್ಲಿಯವರೆಗೆ ನಮಗೆ ತಮಾಷೆಯೇ. ಹೋದದ್ದು ನನ್ನ ಹರಕು ಅಂಗಿ, ಕಳ್ಳನಿಗೆ ಅಯ್ಯೋ ಪಾಪ ಅನ್ನುತ್ತಿದ್ದೆ. ಆದರೆ ಒಂದು ಸಂಜೆ ಗುಡ್ಡದ ಕಾಲುದಾರಿಯಲ್ಲಿ ಇಳಿಯುತ್ತಿದ್ದ ಮೊದಲ ವರ್ಷದ ಹುಡುಗನ ತಲೆಗೆ ಹಿಂದಿನಿಂದ ಕಲ್ಲು ಬಿತ್ತು. ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಕೈಗಡಿಯಾರ ಕೈಯಲ್ಲೇ ಇತ್ತು, ಪೆನ್ನು ಕಿಸೆಯಲ್ಲೇ ಇತ್ತು. ಏನೂ ಕದ್ದಿರಲಿಲ್ಲ ಎಂಬುದೇ ನಮ್ಮನ್ನು ಹೆದರಿಸಿದ್ದು. ಕಳ್ಳನಾದರೆ ಅವನಿಗೆ ಬೇಕಾದ್ದೇನು ಅಂತ ನಮಗೂ ಗೊತ್ತಿರುತ್ತದೆ.

ಅಂದಿನಿಂದ ಗುಂಪಾಗಿ ನಡೆದೆವು. ಬಾವಿಗೆ ಹೋಗುವುದಕ್ಕೂ ಜೊತೆ ಬೇಕಾಯಿತು. ಧೈರ್ಯ ತುಂಬಲೆಂದು ನಾನೊಮ್ಮೆ ಗುಡ್ಡದ ತಿರುವಿನಲ್ಲಿ ಹುಲಿಯಂತೆ ಗುರುಗುಟ್ಟಿದೆ. ಆರಡಿಯ ಭಟ್ಕಳ ನನ್ನ ಕುತ್ತಿಗೆಯನ್ನೇ ಹಿಡಿದುಬಿಟ್ಟ. ಹೆದರಿದ್ದಲ್ಲವಂತೆ, ನನ್ನ ಗಂಟಲು ಹರಿದೀತೆಂದು ಹಿಡಿದದ್ದಂತೆ.

ನಮ್ಮ ತರಗತಿಯಲ್ಲಿ ಒಬ್ಬಳೇ ಹುಡುಗಿ, ಹೊಳನಗದ್ದೆ. ಬಾಗಿಲಿನ ಪಕ್ಕದ ಮುಂದಿನ ಬೆಂಚು ಅವಳದ್ದು. ದಿನಾ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ನಡೆದು ಬಂದು, ನಡೆದೇ ಹೋಗುತ್ತಿದ್ದಳು. ಬಿ.ಎ. ಮಾಡಿ ಹೈಸ್ಕೂಲಿನಲ್ಲಿ ಕಲಿಸಬೇಕು ಎಂಬ ಹಟ ಅವಳದ್ದು. ನನ್ನ ಇಂಗ್ಲಿಷು ಕೇಳಿ, ನಾನು ಕಲಿಸುವ ಮೊದಲ ಬ್ಯಾಚಿನಲ್ಲಿ ನೀವೇ ಕೂರಬೇಕಾದೀತು ಅಂದಿದ್ದಳು. ತಂದೆ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಅವರು ಒಪ್ಪಿದ್ದು ಒಂದು ಕರಾರಿನ ಮೇಲೆ. ದೀಪ ಹಚ್ಚುವ ಮೊದಲು ಮನೆಯಲ್ಲಿರಬೇಕು, ಕೆಟ್ಟದ್ದೊಂದು ಕಿವಿಗೆ ಬಿದ್ದರೆ ಅಂದಿಗೆ ಕಾಲೇಜು ಮುಗಿಯಿತು. ಆ ದಿನಕ್ಕಾಗಿಯೇ ತನ್ನ ಸೋದರಮಾವ ಜಗಲಿಯಲ್ಲಿ ಕೂತು ಕಾಯುತ್ತಿದ್ದಾನೆ ಎಂದು ಅವಳು ನಗುತ್ತ ಹೇಳುತ್ತಿದ್ದಳು. ಕಲ್ಲು ಬಿದ್ದ ಸುದ್ದಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ನಮಗೂ ಬಾಯಿ ಬಿಡಬೇಡಿ ಅಂದಿದ್ದಳು.

ಕಾಲೇಜಿನ ಕೆಳಗೆ ದಾರಿ ಎರಡಾಗುತ್ತಿತ್ತು, ಒಂದು ಪೇಟೆಗೆ, ಇನ್ನೊಂದು ಹೊಳನಗದ್ದೆಗೆ. ಆ ಕವಲಿನಲ್ಲಿ ಒಂದು ಮೋರಿ. ಅದರ ಕಟ್ಟೆಯ ಮೇಲೆ ಸಂಜೆ ಒಬ್ಬ ಮನುಷ್ಯ ಕೂತಿರತೊಡಗಿದ್ದ. ಮಿಲಿಟರಿಯ ಖಾಕಿ ಕೋಟು, ಒರೆಸಿಟ್ಟಂಥ ಮುಖ, ಬಹಳ ಮರ್ಯಾದಸ್ಥ. ಬೀಡಿ ಸೇದುವವನು ನಮ್ಮನ್ನು ಕಂಡರೆ ಕೈ ಕೆಳಗಿಳಿಸುತ್ತಿದ್ದ. ಬೋರ್ಡಿಂಗಿನಲ್ಲಿ ಎಷ್ಟು ಜನ, ಶನಿವಾರ ಕ್ಲಾಸು ಉಂಟೋ, ಕಲ್ಲು ಬಿದ್ದವನಿಗೆ ಈಗ ಹೇಗಿದೆ ಎಂದೆಲ್ಲ ವಿಚಾರಿಸುತ್ತಿದ್ದ. ನಮ್ಮ ಮನೆಯವರು ಕೂಡ ಅಷ್ಟು ವಿಚಾರಿಸುತ್ತಿರಲಿಲ್ಲ. ತನ್ನದು ಗೇರುಸೊಪ್ಪ, ಮರದ ಕೆಲಸಕ್ಕೆ ಬಂದವ ಎಂದು ನನಗೆ ಹೇಳಿದ್ದ. ನಾವು ಹೊರಟಾಗ ತಲೆಯಾಡಿಸಿ, ಬರುತ್ತೇನೆ ಎನ್ನುವುದನ್ನು ನಮ್ಮ ಕಡೆಯ ಮಾತಿನಲ್ಲೇ, ‘ಬತ್ತೆ’ ಅನ್ನುತ್ತಿದ್ದ. ‘ಆತು, ಬನ್ನಿ’ ಅಂದು ನಾವು ಪೇಟೆಯ ಕಡೆ ತಿರುಗುತ್ತಿದ್ದೆವು, ಅವಳು ಗದ್ದೆಯ ಕಡೆ. ಇಂಥವನೊಬ್ಬ ದಾರಿಯಲ್ಲಿ ಕೂತಿರುವುದು ಒಳ್ಳೆಯದೇ ಆಯಿತು ಎಂದು ಭಟ್ಕಳನಿಗೆ ನಾನೇ ಹೇಳಿದ್ದೆ.

ಒಂದು ಮಧ್ಯಾಹ್ನ ಲೆಕ್ಚರರು ಬಾರದೆ ಎಲ್ಲರೂ ಜಗಲಿಯಲ್ಲಿದ್ದೆವು. ಅವಳೂ ಕಂಬಕ್ಕೊರಗಿ ನಿಂತಿದ್ದಳು. ಮೋರಿಕಟ್ಟೆಯವನನ್ನು ಮಾಡು ಎಂದು ಯಾರೋ ಕೇಳಿದರು. ನಾನು ಎದ್ದೆ, ಕೋಟು ಸರಿಪಡಿಸಿಕೊಂಡಂತೆ ಮಾಡಿ, ಎರಡು ಹೆಜ್ಜೆ ನಡೆದು, ತಿರುಗಿ ‘ಬತ್ತೆ’ ಅಂದೆ. ಎಲ್ಲರೂ ನಕ್ಕರು. ಭಟ್ಕಳ ನಗಲಿಲ್ಲ.

“ಸರಿ ಇಲ್ಲ ಅದು. ಅಂವ ಎದ್ದದ್ದು ಯಾವಾಗ? ಕೂತ್ಕಂಡೇ ಹೇಳೂದಲ್ದಾ?”

ನನ್ನ ವಿದ್ಯೆಯಲ್ಲಿ ತಪ್ಪು ಹುಡುಕಿದ್ದು ನನಗೆ ಸೇರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಪೆನ್ಸಿಲನ್ನು ಬೀಡಿಯಂತೆ ಹಿಡಿದೆ, ಮೈ ಸಡಿಲ ಬಿಟ್ಟೆ, ಅವನು ಹೇಗೆ ಅನ್ನುತ್ತಿದ್ದನೋ ಹಾಗೇ ಅಂದೆ. ಕೂತ ಮೈಯಿಂದ ಆ ಮಾತು ಬೇರೆಯೇ ಆಗಿ ಹೊರಟಿತು. ದನಿ ತಾನಾಗಿ ತಗ್ಗಿತು, ಗದ್ದ ತಾನಾಗಿ ಹೊಳನಗದ್ದೆಯ ದಾರಿಯ ಕಡೆ ತಿರುಗಿತು. ಯಾರೂ ನಗಲಿಲ್ಲ.

ಅವಳು ಮೆಲ್ಲಗೆ ಹೇಳಿದಳು, “ಹೊರಡೂದು ನಾವು. ಕೂತವ ಎಂತಕ್ಕೆ ‘ಬತ್ತೆ’ ಹೇಳೂದು?”

ಅಷ್ಟೇ ವಿಷಯ. ನಮ್ಮ ಕಡೆ ಹೊರಟವನು ‘ಹೋಗ್ತೆ’ ಎನ್ನುವುದಿಲ್ಲ, ಅದು ಅಪಶಕುನ, ‘ಬತ್ತೆ’ ಅನ್ನುತ್ತಾನೆ. ಉಳಿದವನು ‘ಬನ್ನಿ’ ಅನ್ನುತ್ತಾನೆ. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದ ಹೇಳಿದವನು ಎದ್ದಿದ್ದಾನೋ ಕೂತಿದ್ದಾನೋ ಎಂದು ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಮೋರಿಕಟ್ಟೆಯವನು ಎಂದೂ ಬೀಳ್ಕೊಂಡಿರಲಿಲ್ಲ. ಬರುತ್ತೇನೆ ಎಂದು ದಿನಾ ತಿಳಿಸುತ್ತಿದ್ದ.

“ನಾನು ದಿನಾ ‘ಬನ್ನಿ’ ಹೇಳಿದ್ದೆ,” ಅಂದಳು. ಆಮೇಲೆ ಒಳಗೆ ಹೋಗಿ ತನ್ನ ಬೆಂಚಿನಲ್ಲಿ ಕೂತಳು.

ಭಟ್ಕಳನೂ ನಾನೂ ಪ್ರಿನ್ಸಿಪಾಲರ ಬಳಿ ಹೋದೆವು. ಅವನು ಏನು ಮಾಡಿದ ಎಂದು ಕೇಳಿದರು. ‘ಬತ್ತೆ’ ಅಂದ ಸಾರ್, ಅಂದೆವು. ನಮ್ಮ ಮಾತು ನಮಗೇ ಹುಚ್ಚರ ಮಾತಿನಂತೆ ಕೇಳಿಸಿತು. ಕೂತು ಅಂದ ಸಾರ್, ಎಂದು ಭಟ್ಕಳ ಸೇರಿಸಿದ. ಅದರಿಂದ ಇನ್ನೂ ಕೆಟ್ಟಿತು. ಪ್ರಿನ್ಸಿಪಾಲರು ಕನ್ನಡಕ ತೆಗೆದರು. ರಸ್ತೆ ಎಲ್ಲರದ್ದು, ಹೀಗೆಂದು ಪೋಲೀಸ್ ಫೌಜದಾರರಿಗೆ ಬರೆದರೆ ಯಾವ ಕಲಮಿನಡಿ ಹಿಡಿಯಲಿ ಎಂದು ಅವರು ಕೇಳುತ್ತಾರೆ, ಅಷ್ಟು ಭಯವಿದ್ದರೆ ಹುಡುಗಿಯ ತಂದೆಗೆ ನಾನೇ ತಿಳಿಸುತ್ತೇನೆ, ಅವಳು ಸ್ವಲ್ಪ ಕಾಲ ಮನೆಯಲ್ಲೇ ಓದಿಕೊಳ್ಳಲಿ ಎಂದರು. ಹೆದರಿಸಿದವನು ಕಟ್ಟೆಯ ಮೇಲೆ, ಹೆದರಿದವಳು ಮನೆಯೊಳಗೆ. ಆಡಳಿತಕ್ಕೆ ಅದೇ ಸುಲಭ. ಬೇಡ ಸಾರ್, ನಾವೇ ತಪ್ಪು ತಿಳಿದೆವು ಎಂದು ಹೇಳಿ ಹೊರಗೆ ಬಂದೆವು. ಅವರ ಅಣಕ ಮಾಡುವ ಮನಸ್ಸೂ ಅಂದು ಬರಲಿಲ್ಲ.

ಅಂದು ಸಂಜೆ ಅವಳ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ನಡೆದೆವು. ಪಕ್ಕದಲ್ಲಿ ನಡೆದಿದ್ದರೆ ಊರು ಬೇರೆ ಕತೆ ಕಟ್ಟುತ್ತಿತ್ತು. ಅವನು ಕಟ್ಟೆಯ ಮೇಲಿದ್ದ. ‘ಬತ್ತೆ’ ಅಂದ. ಅವಳು ನೆಲ ನೋಡುತ್ತ ದಾಟಿದಳು. ಅವನು ಬೇಸರವಿಲ್ಲದೆ, ಸಲಿಗೆಯವರನ್ನು ಕೇಳಿದಂತೆ ಕೇಳಿದ:

“ಇವತ್ತು ‘ಬನ್ನಿ’ ಇಲ್ಯಾ?”

ನಾವು ಹತ್ತಿರ ಬಂದಾಗ ನಮಗೂ ತಲೆಯಾಡಿಸಿದ. ಕೋಟಿನ ಕಿಸೆಯಲ್ಲಿ ಒಂದು ಕೈ ಇತ್ತು.

ಮರುದಿನ ಕಟ್ಟೆ ಖಾಲಿ. ಹೋದ ಮಾರಾಯ, ನಿನ್ನ ಎತ್ತರ ನೋಡಿಯೇ ಓಡಿದ ಎಂದು ಭಟ್ಕಳನ ಬೆನ್ನು ತಟ್ಟಿದೆ. ಅವಳಿಗೂ ಎಷ್ಟೋ ಹಗುರವಾಗಿತ್ತು. ಇವತ್ತು ಹಿಂದೆ ಬರಬೇಡಿ, ನೋಡಿದವರು ನಿಮ್ಮನ್ನೇ ಹಿಡಿದುಕೊಟ್ಟಾರು ಎಂದು ನಗುತ್ತ ಗದ್ದೆಗೆ ಇಳಿದಳು. ನಾನು ಹುಮ್ಮಸ್ಸಿನಿಂದ ಕಟ್ಟೆಯ ಮೇಲೆ ಅವನು ಕೂರುವಲ್ಲೇ ಕೂತು, ಕಾಲ ಮೇಲೆ ಕಾಲು ಹಾಕಿ, ಬೀಡಿ ಎಳೆದಂತೆ ಮಾಡಿದೆ. ಹಾಗೇ ತಲೆ ಎತ್ತಿದಾಗ ಎದುರಿಗೆ ಕಂಡದ್ದು ನಮ್ಮ ತರಗತಿಯ ಬಾಗಿಲು. ಬಾಗಿಲಿನೊಳಗೆ ಅವಳ ಮುಂದಿನ ಬೆಂಚು, ಅದೊಂದೇ ಬೆಂಚು. ಇನ್ನೊಂದು ಕಡೆ ತಿರುಗಿದರೆ ಗದ್ದೆಯ ಹಾಳಿ, ಅದರ ಮೇಲೆ ಹೋಗುತ್ತಿದ್ದ ಅವಳು, ಕೊನೆಯಲ್ಲಿ ಹೊಳನಗದ್ದೆಯ ಮನೆಗಳ ಮಾಡುಗಳು. ಕಟ್ಟೆಯ ಬೇರೆ ಯಾವ ತುದಿಯಲ್ಲಿ ಕೂತರೂ ಎರಡೂ ಕಾಣುತ್ತಿರಲಿಲ್ಲ. ಭಟ್ಕಳನನ್ನು ಕರೆದು ಕೂರಿಸಿದೆ. ಅವನು ನೋಡಿದ, ತಟ್ಟನೆ ಎದ್ದ. ನಾವು ಅವಳ ಹಿಂದೆ ಓಡಿದೆವು. ಆದರೆ ಅಷ್ಟರಲ್ಲಿ ಅವಳು ಮನೆಗಳ ಸಾಲಿನೊಳಗೆ ಮರೆಯಾಗಿದ್ದಳು, ಅವಳ ಮನೆ ಯಾವುದೆಂದು ನಮಗೆ ಗೊತ್ತಿರಲಿಲ್ಲ. ನಾವು ಅದನ್ನು ಕೇಳಿರಲೇ ಇಲ್ಲ. ಮರ್ಯಾದೆಯಲ್ಲವಲ್ಲ.

ಮೋರಿಕಟ್ಟೆಯವನಿಗೆ ಗೊತ್ತಿತ್ತು. ಮುಂದಿನದನ್ನು ಅವಳೇ ಹೇಳಿದ್ದು, ಬಹಳ ದಿನಗಳ ಮೇಲೆ. ಅಂಗಳಕ್ಕೆ ಕಾಲಿಟ್ಟಾಗ ಅವನು ಅವರ ಮನೆಯ ಜಗಲಿಯ ಮೇಲೆ ಚಾಪೆಯಲ್ಲಿ ಕೂತಿದ್ದ. ತಾಯಿ ಬೆಲ್ಲ ನೀರು ಕೊಟ್ಟಿದ್ದರು. ಕೆಟ್ಟ ಸುದ್ದಿಗೆ ಕಾಯುತ್ತಿದ್ದ ಸೋದರಮಾವ ಅವನ ಬೀಡಿಯನ್ನೇ ಸೇದುತ್ತ ಪಕ್ಕದಲ್ಲಿದ್ದ. ಕಾಲೇಜಿನ ಕಡೆಯವರು ಎಂದು ಇಬ್ಬರೂ ತಿಳಿದಿದ್ದರು. ತಂದೆ ಕಚೇರಿಯಿಂದ ಬರುವುದು ಎಷ್ಟು ಹೊತ್ತಿಗೆ, ಹಿತ್ತಿಲ ಬಾಗಿಲಿನಿಂದ ಬಾವಿ ಎಷ್ಟು ದೂರ ಎಂದೆಲ್ಲ ಮಾತು ಆಗಿಹೋಗಿತ್ತು. ಅವಳನ್ನು ಕಂಡು ಅವನು ತಾಯಿಯ ಕಡೆ ತಿರುಗಿದ.

“ಇದೇ ದಿನಾ ‘ಬನ್ನಿ ಬನ್ನಿ’ ಹೇಳ್ತಿತ್ತು. ಬರದಿದ್ರೆ ಚಂದ ಅಲ್ಲ ಅಂತ ಬಂದೆ.”

ಅಂದಿರಲಿಲ್ಲ ಎನ್ನುವಂತಿರಲಿಲ್ಲ, ಅಂದಿದ್ದಳಲ್ಲ. ಅವನು ಲೋಟ ಬೋರಲು ಹಾಕಿ, ಎದ್ದು ನಿಂತು, ‘ಬತ್ತೆ’ ಎಂಬ ಮಾತನ್ನು ಮೊದಲ ಸಲ ನಿಂತು ಅಂದ. ಅಂಗಳದಲ್ಲಿ ಪುಸ್ತಕ ಅವುಚಿಕೊಂಡು ನಿಂತ ಅವಳ ಪಕ್ಕದಿಂದಲೇ ಹಾದು ಹೋದ. ಜಗಲಿಯ ಮೇಲಿಂದ ತಾಯಿ, ಯಾವ ಮನೆಯ ಹೆಂಗಸೂ ಹೇಳುವಂತೆ, ‘ಆತು, ಬನ್ನಿ’ ಅಂದರು.

ತಂದೆ ಬಂದ ಮೇಲೆ ಅವಳು ಕಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಾವ ಬೀಡಿ ಆರಿಸಿ, ಕಾಲೇಜು ಸಾಕು ಅಂದ. ಇವಳು ಉಣ್ಣದೆ ಕೂತಳು. ಈ ನಡುವೆ ತಂದೆಯ ದೂರಿನ ಮೇಲೆ ಪೋಲೀಸಿನವನೊಬ್ಬ ನಮ್ಮ ಬಳಿಯೂ ಬಂದ. ಕಟ್ಟೆಯ ಮೇಲಿನವನು ಯಾವ ಊರಿನವನು ಎಂದು ಕೇಳಿದ. ನಾನು ಗೇರುಸೊಪ್ಪ ಎಂದೆ. ಭಟ್ಕಳನಿಗೆ ಅವನು ಮಿರ್ಜಾನ ಎಂದು ಹೇಳಿದ್ದನಂತೆ, ಸೋದರಮಾವನಿಗೆ ಅಂಕೋಲೆ. ಎಲ್ಲ ಊರಿನವರೂ ಒಬ್ಬನೇ ಆದರೆ ಹಿಡಿಯುವುದು ಹೇಗೆ ಎಂದು ಪೋಲೀಸಿನವನು ನಮ್ಮನ್ನೇ ಬೈದು ಹೋದ. ಮೋರಿಕಟ್ಟೆಯವನನ್ನು ಆಮೇಲೆ ಯಾರೂ ನೋಡಲಿಲ್ಲ, ಅಥವಾ ನೋಡಿದವರಿಗೆ ಅವನು ಯಾರೆಂದು ತಿಳಿಯಲಿಲ್ಲ. ಕಲ್ಲು ಹೊಡೆದವನು ಅವನೇ ಎಂದೂ ಗೊತ್ತಾಗಲಿಲ್ಲ, ಅಲ್ಲ ಎಂದೂ ಗೊತ್ತಾಗಲಿಲ್ಲ.

ತಂದೆ ಕೊನೆಗೆ ಅರ್ಧ ಒಪ್ಪಿದರು. ಅವಳು ಕುಮಟೆ ಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದು ಕಾಲೇಜಿಗೆ ಹೋಗಬಹುದು. ದಾರಿಯಲ್ಲಿ ಯಾರೊಡನೆಯೂ, ಯಾರೇ ಆಗಲಿ, ಮಾತಾಡಬಾರದು. ಅವಳು ಅದನ್ನು ಹಾಗೇ ನಡೆಸಿದಳು. ಬೆಂಚು ಬದಲಿಸಿ ಬಾಗಿಲು ಕಾಣುವಂತೆ ಹಿಂದೆ ಕೂತಳು. ತರಗತಿಯೊಳಗೆ ನಮ್ಮ ಬಳಿ ಎರಡು ಮಾತು ಆಡಿದರೆ ಆಡಿದಳು, ಮೆಟ್ಟಿಲಿಳಿದ ಮೇಲೆ ಇಲ್ಲ.

ಒಂದು ಸಂಜೆ ಪೇಟೆಯ ದಾರಿಯಲ್ಲಿ ಅವಳು ಮುಂದೆ ಹೋಗುತ್ತಿದ್ದಳು, ಹಿಂದೆ ಭಟ್ಕಳನೂ ನಾನೂ. ನಗಿಸೋಣ ಎಂದು ನಾನು ಪ್ರಿನ್ಸಿಪಾಲರ ದನಿಯಲ್ಲಿ ‘ವಿದ್ಯಾರ್ಥಿಗಳೇ’ ಎಂದು ಎಳೆದೆ. ಅವಳು ತಿರುಗಲಿಲ್ಲ. ಸೆರಗು ಎಳೆದುಕೊಂಡು ಹೆಜ್ಜೆ ಜೋರು ಮಾಡಿದಳು. ನಮ್ಮ ಚಪ್ಪಲಿಯ ಸದ್ದು ಅವಳನ್ನು ಮುಟ್ಟುತ್ತಿತ್ತು. ಅದು ಯಾರ ಚಪ್ಪಲಿ ಎಂದು ಸದ್ದಿನಿಂದ ತಿಳಿಯುವುದು ಹೇಗೆ? ಭಟ್ಕಳ ನನ್ನ ತೋಳು ಹಿಡಿದು ನಿಲ್ಲಿಸಿದ. ಅವಳು ಅತ್ತೆಯ ಮನೆಯ ಸಂದಿಗೆ ತಿರುಗಿ, ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳುವವರೆಗೆ ನಾವು ಅಲ್ಲೇ ನಿಂತಿದ್ದೆವು.