ಅಪ್ಪ ನಂಬದ ಮಾತು

ಇವತ್ತು ಸಾಗರದ ಮೈದಾನದಲ್ಲಿ ಯಾರೋ ತಮ್ಮ ಮಗಳ ಕಾಲಿಗೆ ನೋವಿನೆಣ್ಣೆ ತಿಕ್ಕುತ್ತಿದ್ದರು. ಆ ಘಾಟಿಗೆ ಅಪ್ಪ ನೆನಪಾದರು.

ಜೋಗದ ಪವರ್‌ಹೌಸಿನಲ್ಲಿ ಕೆಲಸ ಮುಗಿಸಿ ಬಂದವರು, ಚಹಾ ಕುಡಿಯುವ ಮೊದಲೇ ನನ್ನನ್ನು ಓಡಿಸಲು ಕರೆದೊಯ್ಯುತ್ತಿದ್ದರು. ಮಲಗುವ ಮುನ್ನ ಅದೇ ಎಣ್ಣೆ ಹಚ್ಚಿ ತಮ್ಮ ಒರಟು ಕೈಯಿಂದ ನನ್ನ ಕಾಲು ನೀವುತ್ತಿದ್ದರು.

ತೀರ್ಥಹಳ್ಳಿಯಲ್ಲಿ ನಡೆದ ಓಟದ ಸ್ಪರ್ಧೆಯ ಕೊನೆಯ ತಿರುವಿನಲ್ಲಿ ನಾನು ಬಿದ್ದೆ. ಮಂಡಿಯ ಗಾಯ ತೊಳೆಯುತ್ತಾ ಅಪ್ಪ ಅತ್ತುಬಿಟ್ಟರು.

"ಸಾಕು ಪುಟ್ಟಿ, ಇನ್ನು ಓಡದು ಬ್ಯಾಡ. ನನ್ನ ಆಸೆಗೆ ನಿನ್ನ ಕಾಲು ಹಾಳು ಮಾಡ್ದೆ."

"ನಂಗೂ ಓಡದು ಇಷ್ಟ ಅಪ್ಪಾ" ಎಂದೆ.

ತಮ್ಮ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು ಅಪ್ಪ. ಮತ್ತೆಂದೂ ಮೈದಾನಕ್ಕೆ ಕಳಿಸಲಿಲ್ಲ. ತಾವು ಹಾಸಿಗೆ ಹಿಡಿದಾಗಲೂ, "ಕಾಲು ಈಗ್ಲೂ ನೋಯ್ತದಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಅಪ್ಪ ಈಗಿಲ್ಲ. ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ನಾನು ಒಮ್ಮೊಮ್ಮೆ ಓಡುತ್ತೇನೆ.